ಬೀಗ ಹಾಕಿದ ಮನೆಗೂ 38 ಯೂನಿಟ್: ಹಳೇ ವಠಾರಕ್ಕೆ ಸ್ಮಾರ್ಟ್ ಮೀಟರ್ ಬಂದ ಮೇಲೆ ಎಲ್ಲಿ ನೋಡಬೇಕು?

ಎಲ್‌ಟಿ ಕಂಟ್ರಾಕ್ಟರ್ (ಪ್ರಶ್ನೆ)

ಎಂಟಿ (ಮೀಟರ್ ಪರೀಕ್ಷೆ) ವಿಭಾಗದಲ್ಲಿ, ಮೀಟರ್ ಡೇಟಾ ಕಡೆ ಕೆಲಸ ಮಾಡುವವರು ದಯವಿಟ್ಟು ಉತ್ತರಿಸಿ.

ಎರಡು ಅಂತಸ್ತಿನ ಹಳೇ ವಠಾರ, 12 ಮನೆ. ಮೆಟ್ಟಿಲ ಕೆಳಗೆ ತಗಡಿನ ಪೆಟ್ಟಿಗೆಯಲ್ಲಿ ಎಲ್ಲ ಮೀಟರ್. ತ್ರೀ ಫೇಸ್ ಸರ್ವೀಸ್ ಬಂದು ಫೇಸ್‌ಗೆ ನಾಲ್ಕು ಮನೆಯಂತೆ ಹಂಚಿದೆ. ಅರ್ಧ ಮನೆಗಳಿಗೆ ಚಕ್ರ ತಿರುಗುವ ಮೀಟರ್ ಇತ್ತು. ಲೋಡ್ ಹೆಚ್ಚಿಸಿಕೊಂಡಾಗ ಹನ್ನೆರಡಕ್ಕೂ ಸ್ಮಾರ್ಟ್ ಮೀಟರ್ ಬಂತು. ಎರಡು ಬಿಲ್ ಆದ ಮೇಲಿನ ಸ್ಥಿತಿ ಹೀಗಿದೆ:

ನಾಲ್ಕು ಮನೆಗಳ ಯೂನಿಟ್ ಏರಿದೆ. ಅದರಲ್ಲಿ 7ನೇ ಮನೆಗೆ ತಿಂಗಳಿಡೀ ಬೀಗ, ಆದರೂ 38 ಯೂನಿಟ್. ಆರು ಮೀಟರ್‌ಗಳಲ್ಲಿ ಅರ್ಥ್ ದೀಪ ಉರಿಯುತ್ತಿದೆ.

ಕೆಳಮನೆ ಮತ್ತು ಮೇಲ್ಮನೆ ಒಬ್ಬರದೇ, ಮೀಟರ್ ಎರಡು, ಯುಪಿಎಸ್ ಒಂದು. ಅವರಿಗೆ ಎರಡೂ ಬಿಲ್ ಜಾಸ್ತಿ.

ಮೂರು ಮನೆಯವರಿಗೆ ಆ್ಯಪ್‌ನಲ್ಲಿ ದಿನದ ರೀಡಿಂಗ್ ಬರುವುದೇ ಇಲ್ಲ. ಒಂದು ಮನೆಗೆ ಸಂಜೆ ಏಳರ ಸುಮಾರಿಗೆ ಕರೆಂಟ್ ಹೋಗಿ ತಾನಾಗಿಯೇ ಬರುತ್ತದೆ. ಪಕ್ಕದವರಿಗೆ ಹೋಗುವುದಿಲ್ಲ.

ಮಾಲೀಕರು ಛಾವಣಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸುವ ಯೋಚನೆಯಲ್ಲಿದ್ದಾರೆ. ಅದಕ್ಕೆ ಮೊದಲು ಈ ಗೊಂದಲ ಬಗೆಹರಿಯಬೇಕು. ಇನ್ನೊಂದು ಪ್ರಶ್ನೆ ಬಾಡಿಗೆದಾರರದು, ನನ್ನದೂ ಹೌದು: ಮೀಟರ್ ರೀಡರ್ ಮನೆಗೆ ಬರದೆ ಬಿಲ್ ಬಂದರೆ ಅದನ್ನೇ ಸ್ಮಾರ್ಟ್ ಗ್ರಿಡ್ ಅನ್ನುವುದೇ?

ಎಂಟಿ ಬೆಂಚ್ (ಉತ್ತರ)

ಬೀಗ ಹಾಕಿದ ಮನೆಯಿಂದಲೇ ಶುರು ಮಾಡಿ. ಉಳಿದವಕ್ಕೂ ಉತ್ತರ ಅಲ್ಲೇ ಸಿಗುತ್ತದೆ. ಮೀಟರ್ ಎಷ್ಟೇ ಜೋರಾಗಿ ಓಡುವಂಥದ್ದಾದರೂ ಕರೆಂಟ್ ಹರಿಯದಿದ್ದಾಗ ನಿಂತಿರಲೇಬೇಕು. ನಿಂತಿಲ್ಲ ಅಂದರೆ ಯಾರದೋ ಕರೆಂಟ್ ಅದರೊಳಗೆ ಹಾದು ಹೋಗುತ್ತಿದೆ. ಅರ್ಥ್ ದೀಪ ಹೇಳುತ್ತಿರುವುದೂ ಅದನ್ನೇ: ಫೇಸ್‌ನಲ್ಲಿ ಹೋದಷ್ಟು ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿಲ್ಲ, ಅಥವಾ ಹೋಗದ್ದೂ ಬರುತ್ತಿದೆ.

ಚಕ್ರದ ಮೀಟರ್ ಫೇಸ್ ತಂತಿಯನ್ನು ಮಾತ್ರ ಅಳೆಯುತ್ತಿತ್ತು. ಈಗಿನ ಸಿಂಗಲ್ ಫೇಸ್ ಸ್ಮಾರ್ಟ್ ಮೀಟರ್‌ನಲ್ಲಿ ಫೇಸ್‌ಗೊಂದು, ನ್ಯೂಟ್ರಲ್‌ಗೊಂದು ಸೆನ್ಸರ್ ಇದೆ. ಎರಡರಲ್ಲಿ ಯಾವುದರಲ್ಲಿ ಕರೆಂಟ್ ಹೆಚ್ಚೋ ಅದರ ಮೇಲೆ ಯೂನಿಟ್ ಏರುತ್ತದೆ. ಫೇಸ್ ಬೈಪಾಸ್ ಮಾಡಿ ಕದಿಯುವುದನ್ನು ಹಿಡಿಯಲು ಮಾಡಿದ ವ್ಯವಸ್ಥೆ ಇದು. ಕದಿಯದವರ ಹಳೇ ವೈರಿಂಗ್ ತಪ್ಪನ್ನೂ ಇದು ಹಾಗೇ ಹಿಡಿದು ಬಿಲ್‌ಗೆ ಸೇರಿಸುತ್ತದೆ.

ಹಳೇ ವಠಾರಗಳಲ್ಲಿ ಎರಡು ಮನೆಗಳ ನ್ಯೂಟ್ರಲ್ ಮೀಟರ್ ದಾಟಿದ ಮೇಲೆ ಎಲ್ಲೋ ಒಂದು ಜಂಕ್ಷನ್ ಬಾಕ್ಸ್‌ನಲ್ಲಿ ಕೂಡಿರುತ್ತದೆ. ಮೆಟ್ಟಿಲ ದೀಪ, ನೀರಿನ ಮೋಟರ್, ಕಾಮನ್ ಬಚ್ಚಲ ದೀಪಕ್ಕೆ ತಂತಿ ಎಳೆದವರು ಹತ್ತಿರದ ನ್ಯೂಟ್ರಲ್ ಹಿಡಿದು ಸುತ್ತಿರುತ್ತಾರೆ. 8ನೇ ಮನೆಯ ಗೀಸರ್ 8 ಆಂಪ್ ಎಳೆದರೆ ಹಿಂತಿರುಗುವ ಕರೆಂಟ್ ಎರಡು ದಾರಿಯಲ್ಲಿ ಹಂಚಿಹೋಗುತ್ತದೆ. ಸುಮಾರು ಅರ್ಧ 8ರ ನ್ಯೂಟ್ರಲ್‌ನಲ್ಲಿ, ಅರ್ಧ 7ರ ನ್ಯೂಟ್ರಲ್‌ನಲ್ಲಿ. 8ರ ಮೀಟರ್ ಫೇಸ್ ನೋಡಿ ಪೂರ್ತಿ 8 ಆಂಪ್‌ಗೆ ಬಿಲ್ ಮಾಡುತ್ತದೆ. 7ರ ಮೀಟರ್ ನ್ಯೂಟ್ರಲ್ ನೋಡಿ 4 ಆಂಪ್‌ಗೆ ಬಿಲ್ ಮಾಡುತ್ತದೆ. ಒಂದೇ ಗೀಸರ್‌ಗೆ ಒಂದೂವರೆ ಪಟ್ಟು ಯೂನಿಟ್. ಎರಡು ಮನೆ ಬೇರೆ ಬೇರೆ ಫೇಸ್‌ನಲ್ಲಿದ್ದರೂ ತಪ್ಪಿಸಿಕೊಳ್ಳುವಂತಿಲ್ಲ. 120 ಡಿಗ್ರಿ ಅಂತರದಿಂದಾಗಿ ಅದೇ 4 ಆಂಪ್ 920 ವ್ಯಾಟ್ ಬದಲು ಸುಮಾರು 460 ವ್ಯಾಟ್ ಆಗಿ ದಾಖಲಾಗುತ್ತದೆ, ಅಷ್ಟೇ ವ್ಯತ್ಯಾಸ.

ಪರೀಕ್ಷೆ ಹೀಗೆ ಮಾಡಿ. 7ನೇ ಮನೆಯಲ್ಲಿ ಫೇಸ್ ಎಂಸಿಬಿಗಳನ್ನು (ಫೇಸ್ ತಂತಿಯನ್ನಷ್ಟೇ ಕಡಿಯುವ ಸ್ವಿಚ್‌ಗಳು) ಮಾತ್ರ ಇಳಿಸಿ. ಡಬಲ್ ಪೋಲ್ ಐಸೊಲೇಟರ್ (ಎರಡೂ ತಂತಿ ಕಡಿಯುವ ಮೇನ್ ಸ್ವಿಚ್) ಮುಟ್ಟಬೇಡಿ. ಅನೇಕರು ಎಡವುವುದು ಇಲ್ಲೇ: ಐಸೊಲೇಟರ್ ಇಳಿಸಿದರೆ ನ್ಯೂಟ್ರಲ್ ಕೂಡ ಕಡಿದುಹೋಗಿ, ಕಳ್ಳದಾರಿ ಮುಚ್ಚಿ, ಮೀಟರ್ ಸೊನ್ನೆ ತೋರಿಸುತ್ತದೆ, ವೈರಿಂಗ್ ಸರಿಯಿದೆ ಅಂದುಕೊಂಡು ಬರುತ್ತೇವೆ. ಎಂಸಿಬಿ ಇಳಿಸಿದ ಮೇಲೆ ಮೀಟರ್‌ನ ಗುಂಡಿ ಒತ್ತುತ್ತಾ ನ್ಯೂಟ್ರಲ್ ಕರೆಂಟ್ ಇರುವ ಪುಟಕ್ಕೆ ಬನ್ನಿ. ಅಕ್ಕಪಕ್ಕದ ಮನೆಗಳ ಗೀಸರ್ ಒಂದೊಂದಾಗಿ ಹಾಕಿಸಿ. ಯಾರದು ಹಾಕಿದಾಗ ಅಂಕಿ ಜಿಗಿಯುತ್ತದೋ ಅವರ ನ್ಯೂಟ್ರಲ್ ಸೇರಿದೆ.

ಕ್ಲ್ಯಾಂಪ್ ಮೀಟರ್ (ತಂತಿ ಬಿಚ್ಚದೆ, ಸುತ್ತ ಹಿಡಿದು ಕರೆಂಟ್ ಅಳೆಯುವ ಉಪಕರಣ) ಇದ್ದರೆ ಇನ್ನೂ ಸುಲಭ. ಮೀಟರ್‌ನಿಂದ ಮನೆಗೆ ಹೋಗುವ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬಾಯಲ್ಲಿ ಹಿಡಿಸಿ, ಮನೆಯಲ್ಲಿ ಲೋಡ್ ಹಾಕಿಸಿ. ಸರಿಯಿದ್ದರೆ ಸೊನ್ನೆಯ ಹತ್ತಿರ ನಿಲ್ಲಬೇಕು. ಹತ್ತಾರು ಮಿಲಿಆಂಪ್ ಇದ್ದರೆ ಲೀಕೇಜ್ ಹುಡುಕಿ. ಅರ್ಧ ಆಂಪ್ ದಾಟಿದರೆ ನ್ಯೂಟ್ರಲ್ ಬೆರೆತಿದೆ, ಇಲ್ಲವೇ ಯಾರೋ ಅರ್ಥ್ ತಂತಿಯನ್ನೇ ನ್ಯೂಟ್ರಲ್ ಮಾಡಿಕೊಂಡಿದ್ದಾರೆ.

ಬಿಡಿಸುವಾಗ ಜೋಪಾನ. ಕೂಡಿದ ನ್ಯೂಟ್ರಲನ್ನು ಲೋಡ್ ಇರುವಾಗ ಬಿಚ್ಚಿದರೆ ಬಿಚ್ಚಿದ ತುದಿಗೆ 230 ವೋಲ್ಟ್ ಬರುತ್ತದೆ. ನ್ಯೂಟ್ರಲ್ ತಾನೇ ಅಂತ ಕೈಯಿಟ್ಟವರಿಗೆ ಹೊಡೆಯುವುದು ಇಲ್ಲಿಯೇ. ಎರಡೂ ಮನೆಗಳ ಐಸೊಲೇಟರ್ ಇಳಿಸಿ, ಟೆಸ್ಟರ್‌ನಿಂದ ನೋಡಿ, ಆಮೇಲೆ ಬಿಚ್ಚಿ. ಬಿಡಿಸಿದ ಮೇಲೆ ಎಲೆಕ್ಟ್ರಾನಿಕ್ ಸಾಮಾನುಗಳ ಪ್ಲಗ್ ಎಲ್ಲ ಕಿತ್ತು, 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಅಳೆಯುವ ಉಪಕರಣ) 7ರ ನ್ಯೂಟ್ರಲ್, 8ರ ನ್ಯೂಟ್ರಲ್ ನಡುವೆ ಅಳೆಯಿರಿ. 1 ಮೆಗಾಓಮ್‌ಗಿಂತ ಮೇಲೆ ಬರಬೇಕು. ಮೀಟರ್‌ನ ಸೀಲ್ ಮಾತ್ರ ನೀವು ಮುಟ್ಟುವಂತಿಲ್ಲ. ನಿಮ್ಮ ಕೆಲಸ ಮೀಟರ್‌ನಿಂದ ಹೊರಬಂದ ತಂತಿಯ ಮೇಲೆ ಮಾತ್ರ.

ಯುಪಿಎಸ್ ಮನೆಯದೂ ಇದೇ ಜಾತಿಯ ತಪ್ಪು. ಕೆಳಗಿನ ಮೀಟರ್‌ನ ಫೇಸ್ ಯುಪಿಎಸ್ ಮೂಲಕ ಮೇಲ್ಮನೆಯ ದೀಪಗಳಿಗೆ ಹೋಗುತ್ತದೆ, ಆ ದೀಪಗಳ ನ್ಯೂಟ್ರಲ್ ಮಾತ್ರ ಮೇಲಿನ ಮೀಟರ್‌ಗೆ ಇಳಿಯುತ್ತದೆ. ಕೆಳಗಿನದು ಫೇಸ್‌ಗೆ, ಮೇಲಿನದು ನ್ಯೂಟ್ರಲ್‌ಗೆ ಬಿಲ್ ಮಾಡುತ್ತವೆ. 300 ವ್ಯಾಟ್ ದೀಪ, ಫ್ಯಾನ್ ದಿನಕ್ಕೆ 5 ಗಂಟೆ ಅಂದರೆ ತಿಂಗಳಿಗೆ 45 ಯೂನಿಟ್, ಅದೇ 45 ಎರಡು ಮೀಟರ್‌ನಲ್ಲೂ. ಯುಪಿಎಸ್‌ನಿಂದ ಮೇಲ್ಮನೆಯ ಆ ಸರ್ಕ್ಯೂಟ್‌ಗಳಿಗೆ ಫೇಸ್ ಜೊತೆಗೆ ಬೇರೆಯೇ ನ್ಯೂಟ್ರಲ್ ಎಳೆದು, ಮೇಲಿನ ಮೀಟರ್‌ನ ನ್ಯೂಟ್ರಲ್ ಪಟ್ಟಿಯಿಂದ ಅವನ್ನು ಪೂರ್ತಿ ಬಿಡಿಸಬೇಕು. ಅದಾಗದಿದ್ದರೆ ಎರಡು ಯುಪಿಎಸ್.

ಇಷ್ಟೆಲ್ಲ ಸರಿಯಾದ ಮೇಲೂ ಮೀಟರ್ ಮೇಲೆಯೇ ಅನುಮಾನ ಉಳಿದರೆ ಪಲ್ಸ್ (ಮೀಟರ್ ದೀಪದ ಮಿಣುಕು) ಎಣಿಸಿ. ಮೀಟರ್ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಪಲ್ಸ್ ಅಂತ ಬರೆದಿರುತ್ತದೆ, 3200 ಅಂದುಕೊಳ್ಳಿ. ಗೀಸರ್ ಒಂದನ್ನೇ ಹಾಕಿ. ಮಲ್ಟಿಮೀಟರ್‌ನಲ್ಲಿ 224 ವೋಲ್ಟ್, ಕ್ಲ್ಯಾಂಪ್‌ನಲ್ಲಿ 8.6 ಆಂಪ್ ಬಂದರೆ 1926 ವ್ಯಾಟ್. ಆಗ 50 ಪಲ್ಸ್‌ಗೆ 29.2 ಸೆಕೆಂಡ್ ಹಿಡಿಯಬೇಕು. ಗೀಸರ್ ಮೇಲೆ ಬರೆದ 2000 ವ್ಯಾಟನ್ನೇ ಹಿಡಿದು ಲೆಕ್ಕ ಹಾಕಬೇಡಿ. ವೋಲ್ಟೇಜ್ ಇಳಿದಂತೆ ಗೀಸರ್‌ನ ವ್ಯಾಟ್ ಅದರ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. ಕ್ಲ್ಯಾಂಪ್ ಮೀಟರ್‌ಗೇ ಶೇ. 2–3ರಷ್ಟು ತಪ್ಪು ಇರುವುದರಿಂದ 28ರಿಂದ 30 ಸೆಕೆಂಡ್ ಒಳಗೆ ಬಂದರೆ ಮೀಟರನ್ನು ದೂರುವಂತಿಲ್ಲ.

ಮೀಟರ್ ಬೋರ್ಡ್ ತೆರೆದಾಗ ಟರ್ಮಿನಲ್ ಹತ್ತಿರ ಬಣ್ಣ ಕಂದಿದೆಯೇ ನೋಡಿ. ಮೀಟರ್ ಸುಡುವುದಕ್ಕೆ ದೊಡ್ಡ ಕಾರಣ ಸಡಿಲ ಸ್ಕ್ರೂ, ಅದರಲ್ಲೂ ಅಲ್ಯುಮಿನಿಯಂ ತಂತಿ. ಮೀಟರ್ ಕೂರಿಸುವವರು ತಂತಿಯನ್ನು ಎರಡೂ ಸ್ಕ್ರೂಗಳ ಕೆಳಗೆ ಹೋಗುವಷ್ಟು ಉದ್ದ ಸುಲಿಯಬೇಕು, ಬಿಗಿ ಮಾಡಿ ಎಳೆದು ನೋಡಬೇಕು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಬಿಗಿ ಮಾಡಬೇಕು. ಅಲ್ಯುಮಿನಿಯಂ ಮೃದು, ಒತ್ತಡಕ್ಕೆ ಚಪ್ಪಟೆಯಾಗುತ್ತಾ ಸಡಿಲವಾಗುತ್ತದೆ. ಬಣ್ಣ ಕಂದಿದ್ದು ಕಂಡರೆ ಸೆಕ್ಷನ್ ಆಫೀಸ್‌ಗೆ ಬರೆದುಕೊಡಿ.

ಹೆಡ್‌ಎಂಡ್ (ಉತ್ತರ)

ನ್ಯೂಟ್ರಲ್ ವಿಷಯಕ್ಕೆ ಸೇರಿಸುವುದೇನೂ ಇಲ್ಲ. ಡೇಟಾ ಕಡೆಯದು ಹೇಳುತ್ತೇನೆ.

ಮೊದಲು ಇದನ್ನು ಮಾಡಿ: ಪ್ರತಿ ಮನೆಯ ಎಂಸಿಬಿ ಇಳಿಸಿ, ಯಾವ ಮೀಟರ್‌ನ ಪಲ್ಸ್ ದೀಪ ನಿಲ್ಲುತ್ತದೆ ನೋಡಿ, ಆ ಮೀಟರ್ ನಂಬರ್ ಬಿಲ್‌ನ ಆರ್‌ಆರ್ ನಂಬರ್‌ಗೆ (ಸಂಪರ್ಕದ ನಂಬರ್) ಹೊಂದುತ್ತದೆಯೇ ತಾಳೆ ಹಾಕಿ. ಸಾಲಾಗಿ ಹನ್ನೆರಡು ಮೀಟರ್ ಬದಲಿಸುವಾಗ ಎರಡು ಅದಲುಬದಲಾಗುವುದು ಸಾಮಾನ್ಯ. ರೀಡರ್ ಬರುವ ಕಾಲದಲ್ಲಿ ಇಂಥ ತಪ್ಪು ಯಾರಾದರೊಬ್ಬರ ಕಣ್ಣಿಗೆ ಬೀಳುತ್ತಿತ್ತು. ಈಗ ಒಮ್ಮೆ ತಪ್ಪು ಜೋಡಿ ಸಿಸ್ಟಂಗೆ ಹೋದರೆ ಪ್ರತಿ ತಿಂಗಳೂ ಅದೇ ತಪ್ಪು ಬಿಲ್. ಹಳೇ ಮೀಟರ್‌ನ ಕೊನೇ ರೀಡಿಂಗ್, ಹೊಸದರ ಆರಂಭದ ರೀಡಿಂಗ್, ಸೀಲ್ ನಂಬರ್, ಆರ್‌ಆರ್ ನಂಬರ್ ಎಲ್ಲವೂ ಕಾಣುವ ಒಂದು ಫೋಟೊ ಬದಲಾವಣೆಯ ದಿನವೇ ಮನೆಯವರ ಫೋನಿನಲ್ಲಿ ಇರಬೇಕು.

ರೀಡಿಂಗ್ ಬರದ ಮೂರು ಮೀಟರ್: ತಗಡಿನ ಪೆಟ್ಟಿಗೆಯೇ ಕಾರಣ ಇರಬೇಕು. ಮೆಟ್ಟಿಲ ಕೆಳಗೆ, ತಗಡಿನೊಳಗೆ ಆಂಟೆನಾ ಕೂತರೆ ಅಲೆ ಹೊರಗೆ ಬರುವ ದಾರಿಯೇ ಇಲ್ಲ. ನಿಮ್ಮಲ್ಲಿರುವುದು ಆರ್‌ಎಫ್ ಮೆಶ್ ಮೀಟರೋ ಸಿಮ್ ಇರುವ ಸೆಲ್ಯುಲರ್ ಮೀಟರೋ ತಿಳಿದುಕೊಳ್ಳಿ. ಮೆಶ್ ಆದರೆ 865–868 ಮೆಗಾಹರ್ಟ್ಸ್‌ನಲ್ಲಿ ಒಂದು ಮೀಟರ್ ಪಕ್ಕದ್ದಕ್ಕೆ, ಅದು ಕಂಬದ ಮೇಲಿನ ಪೆಟ್ಟಿಗೆಗೆ ಡೇಟಾ ದಾಟಿಸುತ್ತವೆ. ಬಾಗಿಲ ಹತ್ತಿರದ ಒಂಬತ್ತು ಮೀಟರ್ ಮಾತಾಡುತ್ತಿವೆ, ಮೂಲೆಯ ಮೂರು ಮೌನ ಅಂದರೆ ಪೆಟ್ಟಿಗೆಯ ಬಾಗಿಲಿಗೆ ಪಾಲಿಕಾರ್ಬೊನೇಟ್ ಹಲಗೆ ಹಾಕಿಸಿದರೂ ಸಾಕಾಗಬಹುದು. ಸೆಲ್ಯುಲರ್ ಆದರೆ ಅದೇ ಕಂಪನಿಯ ಸಿಮ್ ಇರುವ ಫೋನನ್ನು ಪೆಟ್ಟಿಗೆಯೊಳಗಿಟ್ಟು ಸಿಗ್ನಲ್ ಅಳೆಯಿರಿ. ಮೈನಸ್ 110 ಡಿಬಿಎಂಗಿಂತ ಕೆಳಗಿದ್ದರೆ ಹೊರಗಿನ ಆಂಟೆನಾ ಕೇಳಿ. ಮಲೆನಾಡಿನಂತೆ ಅಡಿಕೆ ತೋಟಕ್ಕೊಂದು ಮನೆ ಇರುವಲ್ಲಿ ಮೆಶ್ ಹೆಣೆಯುವುದೇ ಇಲ್ಲ, ಪಕ್ಕದ ಮೀಟರ್ ಇರುವುದು ಗುಡ್ಡದ ಆಚೆ. ಅಲ್ಲಿ ಸೆಲ್ಯುಲರ್ ಬೇಕು, ಅದಕ್ಕೂ ಟವರ್ ಬೇಕು. ಇಡೀ ಜಿಲ್ಲೆಗೆ ಒಂದೇ ಸಂಪರ್ಕ ವಿಧಾನ ಅಂತ ಟೆಂಡರ್ ಬರೆಯುವುದು ಈ ಕಾರಣಕ್ಕೇ ತಪ್ಪು.

ಸಿಗ್ನಲ್ ಇಲ್ಲ ಅಂದ ಮಾತ್ರಕ್ಕೆ ಲೆಕ್ಕ ಕಳೆದುಹೋಗುವುದಿಲ್ಲ. ಅರ್ಧ ಗಂಟೆಗೊಂದರಂತೆ 35 ದಿನದ ದಾಖಲೆ, 12 ತಿಂಗಳ ಬಿಲ್ಲಿಂಗ್ ದಾಖಲೆ ಮೀಟರ್‌ನಲ್ಲೇ ಇರುತ್ತದೆ. ಸಂಪರ್ಕ ಬಂದ ಕೂಡಲೇ ಎಳೆದುಕೊಳ್ಳಬಹುದು. 35 ದಿನ ದಾಟಿದರೆ ಅರ್ಧ ಗಂಟೆಯ ವಿವರ ಅಳಿಯುತ್ತಾ ಹೋಗುತ್ತದೆ, ಒಟ್ಟು ಯೂನಿಟ್ ಮಾತ್ರ ಉಳಿಯುತ್ತದೆ. ಹಾಗಾಗಿ ದೂರನ್ನು ಎರಡನೇ ಬಿಲ್‌ವರೆಗೆ ಮುಂದೂಡಬೇಡಿ. ತಾಳೆ ನೋಡುವುದಾದರೆ ಒಂದು ದಿನದ 48 ಅಂಕಿ ಕೂಡಿಸಿ. ಆ ರಾತ್ರಿ 12ರ ರೀಡಿಂಗ್‌ನಿಂದ ಹಿಂದಿನ ರಾತ್ರಿಯದನ್ನು ಕಳೆದಾಗ ಬರುವುದು ಅಷ್ಟೇ ಇರಬೇಕು. ಇಲ್ಲದಿದ್ದರೆ ಸಿಸ್ಟಂ ನಡುವಿನ ಅಂಕಿಗಳನ್ನು ಅಂದಾಜಿನಿಂದ ತುಂಬಿದೆ.

ಸಂಜೆ ಏಳಕ್ಕೆ ಕರೆಂಟ್ ಹೋಗುವ ಮನೆ: ಈವೆಂಟ್ ಲಾಗ್ ಕೇಳಿ. ಆ ಹೊತ್ತಿಗೆ 301 ಇದ್ದರೆ ಮೀಟರ್‌ನೊಳಗಿನ ಲೋಡ್ ಸ್ವಿಚ್ ಕಡಿದಿದೆ, 302 ಅಂದರೆ ಮತ್ತೆ ಸೇರಿಸಿದೆ. ಅದರ ಬದಲು 101 ಇದ್ದರೆ ಮೀಟರ್‌ಗೇ ಸಪ್ಲೈ ಬಂದಿಲ್ಲ, ಕಟ್‌ಔಟ್ (ಫ್ಯೂಸ್) ಅಥವಾ ಕಂಬದಿಂದ ಬರುವ ಸರ್ವೀಸ್ ವೈರ್ ಸಡಿಲ. 301 ಆದರೆ ಮಿತಿಗಿಂತ ಹೆಚ್ಚು ಲೋಡ್ ಬೀಳುತ್ತಿದೆ. ಸ್ವಿಚ್ ನಿಗದಿ ಮಾಡಿದಷ್ಟು ಸಲ ತಾನೇ ಸೇರಿಸಿ ನೋಡುತ್ತದೆ. ಆಗಲೂ ಲೋಡ್ ಇಳಿಯದಿದ್ದರೆ ಅರ್ಧ ಗಂಟೆ ಸುಮ್ಮನಾಗುತ್ತದೆ. ಲೋಡ್ ಹೆಚ್ಚಿಸಿಕೊಂಡ ಮನೆಗೆ ಮೀಟರ್‌ನಲ್ಲಿ ಹಳೇ ಮಿತಿಯೇ ಉಳಿದಿರುವ ಸಾಧ್ಯತೆ ಇದೆ, ಮೊದಲು ಅದನ್ನೇ ಕೇಳಿ.

ಈ ಲೋಡ್ ಸ್ವಿಚ್ ಬಗ್ಗೆ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಕಡೆಯವರಿಗೆ ಗಂಭೀರವಾಗಿ ಒಂದು ಮಾತು. 2020ರ ಆಗಸ್ಟ್ 12, ಜನ್ಮಾಷ್ಟಮಿಯ ದಿನ ಉತ್ತರ ಪ್ರದೇಶದಲ್ಲಿ ತಪ್ಪಾಗಿ ಹೋದ ಕಡಿತದ ಆದೇಶದಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಾದವು. ಕಂಬ ಹತ್ತಿ ಫ್ಯೂಸ್ ಕೀಳುವ ಲೈನ್‌ಮ್ಯಾನ್ ದಿನಕ್ಕೆ ಎಷ್ಟು ಮನೆ ಕಡಿದಾನು? ಇಲ್ಲಿ ಒಂದು ಫೈಲ್ ಸಾಕು. ಒಂದು ಸಲಕ್ಕೆ ಇಷ್ಟೇ ಮೀಟರ್ ಅನ್ನುವ ಮಿತಿ, ದೊಡ್ಡ ಪಟ್ಟಿಗೆ ಇಬ್ಬರ ಒಪ್ಪಿಗೆ, ಆದೇಶಕ್ಕೂ ಜಾರಿಗೂ ನಡುವೆ ತಡೆಹಿಡಿಯುವಷ್ಟು ಸಮಯ, ಆಸ್ಪತ್ರೆ ಮತ್ತು ನೀರಿನ ಪಂಪ್‌ಗಳನ್ನು ಹೊರಗಿಟ್ಟ ಪಟ್ಟಿ: ಇವು ನಾಲ್ಕೂ ಇಲ್ಲದೆ ದೂರದಿಂದ ಕಡಿಯುವ ಸೌಲಭ್ಯವನ್ನು ಚಾಲೂ ಮಾಡಬಾರದು.

ಎಲ್‌ಟಿ ಕಂಟ್ರಾಕ್ಟರ್

ಇಬ್ಬರಿಗೂ ಧನ್ಯವಾದ. ನೀವು ಹೇಳಿದಂತೆ ಅಳೆದದ್ದು ಇಲ್ಲಿದೆ. 7ರಲ್ಲಿ ಎಂಸಿಬಿ ಇಳಿಸಿ 8ರ ಗೀಸರ್ ಹಾಕಿದಾಗ: 8ರ ಫೇಸ್ 8.7 ಆಂಪ್, 8ರ ನ್ಯೂಟ್ರಲ್ 4.5, 7ರ ನ್ಯೂಟ್ರಲ್ 4.2. ಐಸೊಲೇಟರ್ ಇಳಿಸಿದರೆ 7ರದು ಸೊನ್ನೆ, 8ರ ನ್ಯೂಟ್ರಲ್ 8.7ಕ್ಕೆ ಏರಿತು. ಮೊದಲನೇ ಮಹಡಿಯ ಮೆಟ್ಟಿಲ ದೀಪದ ಬಾಕ್ಸ್‌ನಲ್ಲಿ ಐದು ನ್ಯೂಟ್ರಲ್ ಒಂದೇ ಗಂಟು, ಮೇಲೆ ಟೇಪ್ ಸುತ್ತಿ ಸುಣ್ಣ ಬಳಿದಿತ್ತು. 9 ಮತ್ತು 10ರ ಮೀಟರ್‌ಗಳೂ ಅದಲುಬದಲು.

10ನೇ ಮನೆಯವರಿಗೆ ಗೃಹಜ್ಯೋತಿ ಶೂನ್ಯ ಬಿಲ್ ಬರುತ್ತಿತ್ತು, ಈಗ 211 ಯೂನಿಟ್ ಅಂತ ಪೂರ್ತಿ ಬಿಲ್ ಬಂದಿದೆ. ಆ ಹಣ ವಾಪಸ್ ಪಡೆಯುವುದು ಹೇಗೆ?

ಎಂಟಿ ಬೆಂಚ್

ಅಂಕಿಗಳು ಸರಿಯಾಗಿ ಕೂಡುತ್ತವೆ, 4.5ಕ್ಕೆ 4.2 ಸೇರಿ 8.7. 4.2 ಆಂಪ್ ಸುಮಾರು 0.95 ಕಿಲೋವ್ಯಾಟ್. ದಿನಕ್ಕೆ ಒಂದು ಗಂಟೆ 20 ನಿಮಿಷ ಗೀಸರ್ ಅಂದರೆ ತಿಂಗಳಿಗೆ 38 ಯೂನಿಟ್. ಬೀಗದ ಮನೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ಗೃಹಜ್ಯೋತಿಯಲ್ಲಿ ಈ ತಪ್ಪು ಬಡವರಿಗೆ ಹೆಚ್ಚು ತಟ್ಟುತ್ತದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ದಾಟಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. 190 ಬಳಸುವ ಮನೆಗೆ ಪಕ್ಕದವರ 20 ಯೂನಿಟ್ ನ್ಯೂಟ್ರಲ್‌ನಲ್ಲಿ ಬಂದು ಸೇರಿದರೆ ಶೂನ್ಯ ಬಿಲ್ ಹೋಗಿ ಸಾವಿರ ದಾಟುವ ಬಿಲ್ ಬರುತ್ತದೆ.

ಆದರೆ ಎರಡು ತಪ್ಪನ್ನು ಒಂದೇ ಅರ್ಜಿಯಲ್ಲಿ ಬೆರೆಸಬೇಡಿ. ಮೀಟರ್ ಅದಲುಬದಲು ಆಗಿದ್ದು ಅಳವಡಿಕೆಯ ತಪ್ಪು, ಎರಡೂ ಆರ್‌ಆರ್ ನಂಬರ್ ಬರೆದು, ಎಂಸಿಬಿ ಇಳಿಸಿದಾಗ ಯಾವ ಮೀಟರ್ ನಿಂತಿತು ಅನ್ನುವ ವಿಡಿಯೊ ಸಮೇತ ಸಬ್‌ಡಿವಿಜನ್‌ಗೆ ಕೊಟ್ಟು ಬಿಲ್ ಮರುಲೆಕ್ಕ ಕೇಳಿ. ನ್ಯೂಟ್ರಲ್ ಬೆರೆತದ್ದು ಮೀಟರ್ ಆಚೆಯ ವೈರಿಂಗ್. ಅದಕ್ಕೆ ಎಸ್ಕಾಂ ಹೊಣೆ ಅನ್ನುವುದು ಕಷ್ಟ. ಮೊದಲು ಸರಿಪಡಿಸಿ, ಸರಿಪಡಿಸಿದ ದಿನಾಂಕ ಬರೆದಿಡಿ. ಅಲ್ಲಿಂದ ಅರ್ಥ್ ದೀಪ ಆರಿರಬೇಕು.

ಮೀಟರ್ ಮೇಲೆಯೇ ದೂರು ಇದ್ದವರಿಗೆ ಬೇರೆ ದಾರಿ ಇದೆ. ಗ್ರಾಹಕರ ಹಕ್ಕುಗಳ ಕೇಂದ್ರ ನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿ ಪ್ರಕಾರ, ರೀಡಿಂಗ್ ಬಗ್ಗೆ ದೂರು ಕೊಟ್ಟ 5 ದಿನದೊಳಗೆ ಪಕ್ಕದಲ್ಲಿ ಚೆಕ್ ಮೀಟರ್ ಹಾಕಬೇಕು, ಕನಿಷ್ಠ 3 ತಿಂಗಳು ಎರಡನ್ನೂ ಹೋಲಿಸಬೇಕು. ಆದರೆ ನ್ಯೂಟ್ರಲ್ ಬಿಡಿಸದೆ ಚೆಕ್ ಮೀಟರ್ ಕೇಳಿದರೆ ಎರಡು ಮೀಟರೂ ಒಂದೇ ತಪ್ಪು ಯೂನಿಟ್ ತೋರಿಸುತ್ತವೆ, ಮೂರು ತಿಂಗಳು ವ್ಯರ್ಥ.

ಫೀಡರ್ ಹನ್ನೊಂದು (ಉತ್ತರ)

ನಿಮ್ಮ ಕೊನೇ ಪ್ರಶ್ನೆ ಹಾಗೇ ಉಳಿದಿದೆ. ರೀಡರ್ ಬರದೆ ಬಿಲ್ ಬಂದರೆ ಅದು ದೂರದಿಂದ ಓದುವ ಮೀಟರ್, ಅಷ್ಟೇ. ಗ್ರಿಡ್ ಚುರುಕಾಗುವುದು ಆ ಓದನ್ನು ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್), ಫೀಡರ್ (ಟಿಸಿಗಳಿಗೆ ಕರೆಂಟ್ ತರುವ ಲೈನ್), ಸಬ್‌ಸ್ಟೇಷನ್‌ಗೆ ಜೋಡಿಸಿ ಏನಾದರೂ ಕೆಲಸ ಮಾಡಿದಾಗ.

ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. ದೇಶದಲ್ಲಿ ಕೈಗೆತ್ತಿಕೊಂಡ 14 ಸ್ಮಾರ್ಟ್ ಗ್ರಿಡ್ ಪ್ರಯೋಗಗಳಲ್ಲಿ ಒಂದು ಮೈಸೂರಿನ ವಿ.ವಿ. ಮೊಹಲ್ಲಾ ಭಾಗದಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಿಂದ ನಡೆಯಿತು, 21,824 ಗ್ರಾಹಕರಿಗೆ. ಮನೆ, ಕೈಗಾರಿಕೆ, ಪಂಪ್‌ಸೆಟ್ ಎಲ್ಲ ಬೆರೆತ ಪ್ರದೇಶವನ್ನು ಆರಿಸಿದ್ದು ಒಳ್ಳೆಯದಾಯಿತು. ಪೀಕ್ ಲೋಡ್ ನಿರ್ವಹಣೆ, ಕರೆಂಟ್ ಹೋದದ್ದರ ಪತ್ತೆ ಎರಡೂ ಅದರ ಉದ್ದೇಶದಲ್ಲಿದ್ದವು. 2021ರಲ್ಲಿ ಬಂದ ಕೇಂದ್ರದ ಯೋಜನೆಯ ಗುರಿ 25 ಕೋಟಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರ್. ಅಲ್ಲಿ ಎಣಿಕೆಯೇ ಮುಂದಾಯಿತು. ನನ್ನ ಅಭಿಪ್ರಾಯದಲ್ಲಿ ಮನೆ ಮೀಟರ್‌ಗಿಂತ ಮೊದಲು ಫೀಡರ್‌ಗೆ, ಆಮೇಲೆ ಪ್ರತಿ ಟಿಸಿಗೆ ಮೀಟರ್ ಹಾಕಿ, ಯಾವ ಮನೆ ಯಾವ ಟಿಸಿಯ ಯಾವ ಫೇಸ್‌ನಲ್ಲಿದೆ ಅನ್ನುವ ಪಟ್ಟಿ ಸರಿಮಾಡಬೇಕು. ಆ ಪಟ್ಟಿ ತಪ್ಪಿದ್ದರೆ ಮೇಲಿನದೆಲ್ಲ ತಪ್ಪು.

ಲೆಕ್ಕ ನೋಡಿ. ಒಂದು 100 ಕೆವಿಎ ಟಿಸಿಯ ಮೀಟರ್ ತಿಂಗಳಿಗೆ 9,400 ಯೂನಿಟ್ ತೋರಿಸಿತು, ಅದರ ಕೆಳಗಿನ 78 ಮನೆಗಳ ಮೊತ್ತ 7,990. ನಷ್ಟ 1,410, ಅಂದರೆ ಶೇ. 15. ಕಳ್ಳತನ ಅಂತ ಜಾಗೃತ ದಳ ಕಳಿಸುವ ಮುನ್ನ ಕೇಳಬೇಕಾದದ್ದು: ಆ 78 ನಿಜವಾಗಿ 78 ಹೌದೇ? ಲೈನ್‌ಮ್ಯಾನ್ ಮಳೆಗಾಲದಲ್ಲಿ ಪಕ್ಕದ ಟಿಸಿ ಕೆಟ್ಟಾಗ ಹತ್ತು ಮನೆಯನ್ನು ಇತ್ತ ಜೋಡಿಸಿ, ಹಾಗೇ ಬಿಟ್ಟಿರುತ್ತಾರೆ. ಅವರ ತಪ್ಪಲ್ಲ, ಆ ರಾತ್ರಿ ಜನಕ್ಕೆ ಕರೆಂಟ್ ಬೇಕಿತ್ತು. ಬದಲಾವಣೆಯನ್ನು ಸಿಸ್ಟಂಗೆ ತಿಳಿಸುವ ಸುಲಭದ ದಾರಿ ಅವರ ಕೈಯಲ್ಲಿ ಇರಲಿಲ್ಲ.

ಇಲ್ಲಿ ಸ್ಮಾರ್ಟ್ ಮೀಟರ್ ತಾನೇ ನೆರವಿಗೆ ಬರುತ್ತದೆ. ಅರ್ಧ ಗಂಟೆಯ ದಾಖಲೆಯಲ್ಲಿ ವೋಲ್ಟೇಜ್ ಕೂಡ ಇದೆ. ಒಂದೇ ಟಿಸಿಯ ಒಂದೇ ಫೇಸ್‌ನಲ್ಲಿರುವ ಮನೆಗಳ ವೋಲ್ಟೇಜ್ ಒಟ್ಟಿಗೆ ಇಳಿದು ಒಟ್ಟಿಗೆ ಏರುತ್ತದೆ. ಎರಡು ವಾರದ ವೋಲ್ಟೇಜ್ ರೇಖೆಗಳನ್ನು ಒಂದರ ಮೇಲೊಂದು ಇಟ್ಟರೆ ಗುಂಪಿಗೆ ಸೇರದ ಮನೆ ಎದ್ದು ಕಾಣುತ್ತದೆ, ಕಂಬ ಕಂಬ ಅಲೆದು ತಂತಿ ಹಿಡಿದು ನೋಡುವ ಕೆಲಸ ಬಹಳಷ್ಟು ತಪ್ಪುತ್ತದೆ.

ಪಟ್ಟಿ ಸರಿಯಾದ ಮೇಲೆ ಸಿಗುವ ಲಾಭ ನಿಜವಾದದ್ದು. 100 ಕೆವಿಎ ಟಿಸಿಯ ಪೂರ್ಣ ಲೋಡ್ ಫೇಸ್‌ಗೆ 133 ಆಂಪ್, 63ಕ್ಕೆ 84, 25ಕ್ಕೆ 33. ಒಂದು ಫೇಸ್‌ನಲ್ಲಿ 150, ಇನ್ನೊಂದರಲ್ಲಿ 60 ಓಡುತ್ತಿದ್ದರೆ ಒಟ್ಟು ಲೋಡ್ ಮಿತಿಯೊಳಗಿದ್ದರೂ ಒಂದು ಸುರುಳಿ ಬೇಯುತ್ತಿರುತ್ತದೆ. ಮನೆಗಳ ಅರ್ಧ ಗಂಟೆಯ ಅಂಕಿಗಳನ್ನು ಫೇಸ್‌ವಾರು ಕೂಡಿಸಿದರೆ ಯಾವ ಆರು ಮನೆಯನ್ನು ಬದಲಿಸಬೇಕು ಅನ್ನುವುದು ಟಿಸಿ ಸುಡುವ ಮೊದಲೇ ಗೊತ್ತಾಗುತ್ತದೆ. ಕರೆಂಟ್ ಹೋದಾಗ ಮೀಟರ್‌ಗಳು ಕೊನೇ ಉಸಿರಿನಲ್ಲಿ ಒಂದು ಸಂದೇಶ ಕಳಿಸುತ್ತವೆ. ನೂರು ಮೀಟರ್ ಒಟ್ಟಿಗೆ ಕೂಗಿದರೆ ಮೆಶ್‌ನಲ್ಲಿ ಅರ್ಧ ಕಳೆದುಹೋಗುತ್ತವೆ. ಚಿಂತೆಯಿಲ್ಲ, ಟಿಸಿ ಮೀಟರ್‌ದೊಂದು, ಮನೆಗಳವು ನಾಲ್ಕೈದು ಮುಟ್ಟಿದರೆ ಯಾವ ಟಿಸಿ ಅಂತ ಹೇಳಲು ಸಾಕು. ಗ್ರಾಹಕರು 1912 ಸಹಾಯವಾಣಿಗೆ ಕಾಯುವ ಮೊದಲೇ ಲೈನ್‌ಮ್ಯಾನ್ ಹೊರಡಬಹುದು.

ಸಮಯಾಧಾರಿತ ದರಕ್ಕೂ ಇದೇ ಮೀಟರ್ ಬೇಕು. 2023ರ ಕೇಂದ್ರ ತಿದ್ದುಪಡಿ ಸೌರ ಅವಧಿಯ 8 ಗಂಟೆ ದರವನ್ನು ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20 ಕಡಿಮೆ ಇಡಬೇಕು ಅನ್ನುತ್ತದೆ. ಪೀಕ್ ಅವಧಿಯಲ್ಲಿ ವಾಣಿಜ್ಯ, ಕೈಗಾರಿಕೆಗೆ ಕನಿಷ್ಠ 1.2 ಪಟ್ಟು, ಉಳಿದವರಿಗೆ 1.1 ಪಟ್ಟು. ಕೃಷಿಗೆ ಇದು ಅನ್ವಯಿಸುವುದಿಲ್ಲ. ಓವರ್‌ಹೆಡ್ ಟ್ಯಾಂಕ್‌ಗೆ ನೀರೇರಿಸುವ ಮೋಟರನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ತರುವುದು ವಠಾರಕ್ಕೆ ಕಷ್ಟವಲ್ಲ.

ಲೋಡ್ ಮೀರಿದ ಮನೆಯ ಬಗ್ಗೆಯೂ ಅದೇ ತಿದ್ದುಪಡಿಯಲ್ಲಿ ರಕ್ಷಣೆ ಇದೆ. ಸ್ಮಾರ್ಟ್ ಮೀಟರ್ ತೋರಿಸಿದ ಗರಿಷ್ಠ ಬೇಡಿಕೆ ಹಿಡಿದು, ಅದು ಬರುವ ಮೊದಲಿನ ಅವಧಿಗೆ ದಂಡ ಹಾಕುವಂತಿಲ್ಲ. ಮಂಜೂರಾದ ಲೋಡನ್ನು ಏರಿಸಬೇಕಾದರೆ ಆರ್ಥಿಕ ವರ್ಷದಲ್ಲಿ ಕನಿಷ್ಠ 3 ಸಲ ಮೀರಿರಬೇಕು. ಗರಿಷ್ಠ ಬೇಡಿಕೆ ಕ್ಷಣದ್ದಲ್ಲ, ಅವಧಿಯ ಸರಾಸರಿ. ಅರ್ಧ ಗಂಟೆಯಲ್ಲಿ 2 ಕಿಲೋವ್ಯಾಟ್ ಗೀಸರ್ ಪೂರ್ತಿ, 1 ಕಿಲೋವ್ಯಾಟ್ ಇಸ್ತ್ರಿ 12 ನಿಮಿಷ, ಅರ್ಧ ಕಿಲೋವ್ಯಾಟ್ ಮಿಕ್ಸಿ 6 ನಿಮಿಷ, ಮುಕ್ಕಾಲು ಕಿಲೋವ್ಯಾಟ್ ಮೋಟರ್ 10 ನಿಮಿಷ ಓಡಿದರೆ ದಾಖಲಾಗುವುದು 2.75 ಕಿಲೋವ್ಯಾಟ್, ಒಂದು ಕ್ಷಣ 4.25 ಮುಟ್ಟಿದ್ದರೂ.

ಎಂಟಿ ಬೆಂಚ್

ಸೋಲಾರ್ ಮರೆತೆವು. ಮಾಲೀಕರಿಗೆ ಇದನ್ನು ಮುಂಚೆಯೇ ಹೇಳಿ: ಮನೆಗಳಿಗೆ ಬರುವ ಸ್ಮಾರ್ಟ್ ಮೀಟರ್ ಒಮ್ಮುಖ ಕ್ರಮದಲ್ಲಿ ಇದ್ದರೆ ಕರೆಂಟ್ ಯಾವ ದಿಕ್ಕಿಗೆ ಹರಿದರೂ ಬಳಕೆ ಅಂತಲೇ ಕೂಡಿಸುತ್ತದೆ. ಗ್ರಿಡ್‌ಗೆ ಕೊಟ್ಟ 8 ಯೂನಿಟ್ ಕಳೆಯುವ ಬದಲು ಕೂಡಿದರೆ ದಿನಕ್ಕೆ 16 ಯೂನಿಟ್ ವ್ಯತ್ಯಾಸ. ಪ್ಯಾನಲ್ ಚಾಲೂ ಮಾಡುವ ದಿನವೇ ಮೀಟರನ್ನು ಆಮದು–ರಫ್ತು ಕ್ರಮಕ್ಕೆ ಬದಲಿಸಿದ್ದಾರೆಯೇ ಖಚಿತ ಮಾಡಿಕೊಳ್ಳಿ. ನಡುಮಧ್ಯಾಹ್ನ ಮನೆಯ ಲೋಡ್ ಎಲ್ಲ ಆರಿಸಿ ಹತ್ತು ನಿಮಿಷ ಬಿಡಿ. 1.8.0 ಅಂಕಿ (ಗ್ರಿಡ್‌ನಿಂದ ಪಡೆದದ್ದು) ಅಲುಗಾಡಬಾರದು, 2.8.0 (ಗ್ರಿಡ್‌ಗೆ ಕೊಟ್ಟದ್ದು) ಏರಬೇಕು. 1.8.0 ಏರಿದರೆ ಆ ಕ್ಷಣವೇ ಸೋಲಾರ್ ಐಸೊಲೇಟರ್ ಇಳಿಸಿ ಸಬ್‌ಡಿವಿಜನ್‌ಗೆ ಹೋಗಿ.

ಆ ಹೊತ್ತಿನ ವೋಲ್ಟೇಜನ್ನೂ ಬರೆದುಕೊಳ್ಳಿ. 253 ವೋಲ್ಟ್ ದಾಟಿದರೆ ಇನ್ವರ್ಟರ್ ಕೈಬಿಡುತ್ತದೆ, ಒಳ್ಳೆಯ ಬಿಸಿಲಲ್ಲೇ ಉತ್ಪಾದನೆ ನಿಲ್ಲುತ್ತದೆ. ನಿಮ್ಮ ವಠಾರ ಟಿಸಿಯಿಂದ ದೂರ ಇದ್ದರೆ ಸರ್ವೀಸ್ ವೈರ್‌ನ ದಪ್ಪ ಹೆಚ್ಚಿಸದೆ ಪ್ಯಾನಲ್ ಹಾಕಿಸಬೇಡಿ. ಮತ್ತು ಆ ಮೆಟ್ಟಿಲ ಬಾಕ್ಸ್‌ನ ಐದು ನ್ಯೂಟ್ರಲ್ ಬಿಡಿಸುವ ಕೆಲಸ ಪ್ಯಾನಲ್‌ಗಿಂತ ಮೊದಲು ಮುಗಿಯಲಿ. ಗಂಟು ಹಾಗೇ ಇದ್ದರೆ ಮಾಲೀಕರ ಸೋಲಾರ್ ಕರೆಂಟ್ ಕೂಡ 7ನೇ ಮನೆಯ ಬಿಲ್‌ಗೆ ಬಂದು ಕೂರುತ್ತದೆ.